ತೂಬಾ ಖಾನುಂ ಸೋತ ಒಂದೇ ಆಟ

ಬೊರೂಜೆನ್ ಪಟ್ಟಣದ ರೊಟ್ಟಿ ಅಂಗಡಿಗಳ ಮುಂದೆ ಒಂದು ಸುದ್ದಿ ಇನ್ನೂ ಸರದಿಯಲ್ಲಿ ನಿಂತಿದೆ. ಹೊಲಿಗೆಯ ತೂಬಾ ಖಾನುಂಳನ್ನು ಚಗಾಖೋರ್ ಸರೋವರದ ದಂಡೆಯಲ್ಲಿ ಅಹ್ವಾಜಿನ ಆರು ವರ್ಷದ ಹುಡುಗಿಯೊಬ್ಬಳು ಚೆಂಡಿನಿಂದ ಹೊಡೆದು ಕೆಡವಿದಳಂತೆ. ಹತ್ತೊಂಬತ್ತು ಬೇಸಿಗೆ ಸೋಲರಿಯದವಳನ್ನು ಎಬ್ಬಿಸಲು ಇಬ್ಬರು ಅಳಿಯಂದಿರು ಬೇಕಾದರಂತೆ.

ತೂಬಾ ಬೀಳಲಿಲ್ಲ, ತಾನಾಗಿ ಕುಳಿತಳು. ಅವಳಿಗಿರುವುದು ಒಬ್ಬನೇ ಅಳಿಯ. ಆ ಹೊತ್ತಿಗೆ ಅವನು ತೊರೆಯಲ್ಲಿ ತಣಿಯಲು ಬಿಟ್ಟ ಕಲ್ಲಂಗಡಿಯನ್ನು ಕಾಯುತ್ತಿದ್ದ.

ಪ್ರತಿ ವರ್ಷ ನಡುಬೇಸಿಗೆಯ ತೀರ್ ತಿಂಗಳಲ್ಲಿ ತೂಬಾ ತನ್ನ ಸಂಸಾರವನ್ನು ಬೆಟ್ಟದ ಆ ನೀರಿನ ಬಳಿಗೆ ಹೊರಡಿಸುತ್ತಿದ್ದಳು. ಖರ್ಚೆಂದರೆ ಬಸ್ಸಿನದು ಮಾತ್ರ. ಹಳೆಯ ಅಂಗಿಯ ಅಳತೆಕಾಗದಗಳು ಗಾಳಿಪಟವಾಗುತ್ತಿದ್ದವು. ಆಕಾಶದಲ್ಲಿ ಯಾರದೋ ತೋಳಿನ ಗುರುತು ಹಾರಾಡುತ್ತಿತ್ತು. ಪೆಡಲ್ ದೋಣಿಯನ್ನು ಬಾಡಿಗೆಗೆ ಹಿಡಿಯುವ ಪ್ರಶ್ನೆಯೇ ಇರಲಿಲ್ಲ. ಹಿಡಿದವರು ಒಂದೇ ಕಡೆ ಸುತ್ತುತ್ತ ಬೈದಾಡಿಕೊಳ್ಳುವುದನ್ನು ದಂಡೆಯಿಂದ ನೋಡುವುದು ಅದಕ್ಕಿಂತ ಸೊಗಸಾದ ಆಟ, ಮೇಲಾಗಿ ಬಿಟ್ಟಿ. ಸಂಜೆಗೆ ನಡುವಿನಾಟ: ಒಂದು ತಂಡ ಎರಡು ತುದಿಗಳಿಂದ ಚೆಂಡು ಎಸೆಯಬೇಕು, ಇನ್ನೊಂದು ನಡುವೆ ನಿಂತು ತಪ್ಪಿಸಿಕೊಳ್ಳಬೇಕು. ಕೊನೆಗೆ ಉಳಿದವರು ಹತ್ತು ಎಸೆತ ತಪ್ಪಿಸಿಕೊಂಡರೆ ಗೆಲುವು; ಚೆಂಡನ್ನು ಕೈಯಲ್ಲಿ ಹಿಡಿದರೂ ತಪ್ಪಿಸಿಕೊಂಡಂತೆಯೇ. ಕೊನೆಗೆ ಉಳಿಯುತ್ತಿದ್ದವಳು ಯಾವಾಗಲೂ ತೂಬಾಳೇ.

ಆ ವರ್ಷ ಗಂಡ ಕೆರಾಮತನ ಎದೆಗೆ ಶಸ್ತ್ರಚಿಕಿತ್ಸೆಯಾಗಿತ್ತು. ನಲವತ್ತು ವರ್ಷ ರೊಟ್ಟಿಯ ಒಲೆಯೆದುರು ಬೆಂದವನಿಗೆ ವೈದ್ಯರು ಬಿಸಿಲನ್ನು ನಿಷೇಧಿಸಿದ್ದರು. ಮಗಳು ಮಾಹ್‌ರುಖ್ ಪ್ರವಾಸವೇ ಬೇಡವೆಂದಳು. "ನಮ್ಮ ಮರ ಇದೆಯಲ್ಲೇ" ಎಂದಳು ತೂಬಾ. ಆ ದಂಡೆಗೆ ಇದ್ದದ್ದು ಒಂದೇ ವಿಲ್ಲೋ ಮರ. ಅದು ಸಿಗದಿದ್ದರೆ ಮಧ್ಯಾಹ್ನದ ಬಸ್ಸಿಗೆ ಅಪ್ಪನನ್ನು ವಾಪಸು ಕರೆದೊಯ್ಯುವುದೆಂದು, ಇನ್ನೆಂದೂ ಕರೆತರುವುದಿಲ್ಲವೆಂದು ಮಾತಾಯಿತು.

ಹೋಗಿ ನೋಡಿದರೆ ಮರದಡಿ ಅಹ್ವಾಜಿನ ಹನ್ನೊಂದು ಜನ. ಟ್ಯಾಂಕರ್ ಚಾಲಕ ಜಾಸೆಮ್ ಇವರನ್ನು ಕಂಡೊಡನೆ ಎದ್ದುನಿಂತ.

"ಬನ್ನಿ ಅಕ್ಕಾ, ಜಾಗ ನಿಮ್ದೇ. ನಾವು ಆಚೆ ಹೋಗ್ತೀವಿ."

"ಅಯ್ಯೋ, ಉಂಟೇನಪ್ಪಾ! ನೀವು ದೂರದಿಂದ ಬಂದವ್ರು. ನಮಗೆ ಬಿಸಿಲಂದ್ರೆ ಪ್ರಾಣ."

ಇದನ್ನು ಹೇಳಿದ್ದು ತೂಬಾಳ ನಾಲಿಗೆ. ಅರವತ್ತು ವರ್ಷದಿಂದ ಅದಕ್ಕೆ ಬೇರೆ ಮಾತು ಗೊತ್ತಿರಲಿಲ್ಲ. ಸೀದ ರೊಟ್ಟಿಯನ್ನು ನೋಡುವಂತೆ ಕೆರಾಮತ್ ಅವಳನ್ನು ನೋಡಿದ.

"ಐವತ್ತು ಡಿಗ್ರಿಯಿಂದ ಬಂದಿದೀವಿ ಅಕ್ಕಾ. ಇದೂ ಒಂದು ಬಿಸ್ಲಾ? ಫ್ರಿಜ್ಜಿನೊಳಗಿನ ದೀಪ!" ಎಂದು ಜಾಸೆಮ್ ಜಮಖಾನೆಯನ್ನು ಸುತ್ತಿಯೇಬಿಟ್ಟ.

ಹತ್ತು ಗಂಟೆಯ ಹೊತ್ತಿಗೆ ಎರಡು ಸಂಸಾರಗಳೂ ಮರದ ಎರಡು ಬದಿಗೆ, ರಣಬಿಸಿಲಿನಲ್ಲಿ, ಮುಗುಳ್ನಗುತ್ತ ಕುಳಿತಿದ್ದವು. ನೆರಳಿನಲ್ಲಿ ಒಂದು ಮೇಕೆ ಮಲಗಿತ್ತು.

"ಅದಕ್ಕೆ ಯಾರೂ ಉಪಚಾರ ಹೇಳ್ಲಿಲ್ಲ ನೋಡು, ಪುಣ್ಯವಂತ ಪ್ರಾಣಿ" ಎಂದ ಕೆರಾಮತ್, ತಲೆಯ ಮೇಲೆ ಒದ್ದೆ ಟವೆಲು ಹೊದ್ದು.

"ನಿಮ್ಮೆದೆ ವಿಷಯ ಹೇಳಿಬಿಡ್ಲಾ?" ಎಂದಳು ತೂಬಾ.

"ಹೇಳಿದ್ರೆ ಆ ಮನುಷ್ಯ ನಾಚಿಕೆಯಿಂದ ಅಹ್ವಾಜಿಗೇ ಓಡ್ತಾನೆ. ಎದೆ ತೋರಿಸಿ ಬೇಡೋಕೆ ನಾನೊಲ್ಲೆ."

ಬಸ್ಸಿಗೆ ಒಂದು ಗಂಟೆಯಿರುವಾಗ, ನಡುವಿನಾಟದಲ್ಲಿ ಗೆದ್ದವರು ಮರದಡಿ ಕೂರಲಿ ಎಂದು ಜಾಸೆಮ್ ಸೂಚಿಸಿದ. ಮಾಹ್‌ರುಖ್ ಒಪ್ಪಲಿಲ್ಲ.

"ಗೆದ್ದವ್ರು ಮತ್ತೆ 'ನೀವೇ ಕೂತ್ಕೊಳ್ಳಿ' ಅಂತಾರೆ, ಸಂಜೆಯಾಗತ್ತೆ. ಸೋತವ್ರು ಕೂರ್ಲಿ. ಸೋತವ್ರಿಗೆ ಉಪಚಾರ ಹೇಳೋ ಹಕ್ಕಿಲ್ಲ!"

ತೂಬಾಳ ಕಡೆಯವರು ನಡುವೆ ನಿಂತರು. ಉಳಿದವರೆಲ್ಲ ಬಲು ಉತ್ಸಾಹದಿಂದ ಪೆಟ್ಟು ತಿಂದು ಹೊರಬಿದ್ದರು. ಅವಳೊಬ್ಬಳು ಉಳಿದಳು. ಸೋತರೆ ಸಾಕೆಂದು ಮನಸ್ಸು ಹೇಳುತ್ತಿತ್ತು, ಸೊಂಟ ಕೇಳಲಿಲ್ಲ. ಜಾಸೆಮ್ ಎಸೆದದ್ದಕ್ಕೆ ಬಾಗಿತು, ಅವನ ಮಗ ಎಸೆದದ್ದಕ್ಕೆ ತಿರುಗಿತು.

"ಅಮ್ಮಾ, ನಿಂತ್ಕೊಳ್ಳೇ!" ಮಾಹ್‌ರುಖ್ ಹಲ್ಲು ಕಚ್ಚಿದಳು.

"ನಿಂತೇ ಇದೀನಲ್ಲೇ!" ಎನ್ನುತ್ತಲೇ ತೂಬಾ ಒಂಬತ್ತನೆಯದನ್ನೂ ತಪ್ಪಿಸಿಕೊಂಡಳು.

ಕೊನೆಯ ಎಸೆತ ಜಾಸೆಮನ ಮೊಮ್ಮಗಳದು. ಚೆಂಡು ಹಕ್ಕಿಯ ಗರಿಯಂತೆ ನಿಧಾನವಾಗಿ ಬಂತು. ತೂಬಾಳ ಕೈಗಳು ಹಿಡಿಯಲು ತಾವಾಗಿ ಮೇಲೆದ್ದವು. ಆಗ ಟವೆಲಿನ ಕೆಳಗೆ ಟೊಮೇಟೊದಂತೆ ಕೆಂಪಾದ ಗಂಡನ ಮುಖ ಕಾಣಿಸಿತು. ಬಸ್ಸು ಹತ್ತಲು ಅವನು ಆಗಲೇ ಬೂಟಿನ ದಾರ ಕಟ್ಟುತ್ತಿದ್ದ. ತೂಬಾ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಒಯ್ದು, ಒಂದನ್ನು ಇನ್ನೊಂದರಿಂದ ಬಿಗಿಹಿಡಿದಳು. ಚೆಂಡು ಹೊಟ್ಟೆಗೆ ತಾಗಿತು. ಅವಳು ನೆಲದ ಮೇಲೆ ಕುಳಿತಳು.

ಕೆರಾಮತ್ ಮೇಕೆಯನ್ನು ಎಬ್ಬಿಸಿ ಅದರ ಜಾಗದಲ್ಲಿ ಮಲಗಿದ. "ವಯಸ್ಸಾಯ್ತು ಕಣೇ ನಿನಗೆ" ಎಂದ.

"ಹೂಂ, ಆಯ್ತು" ಎಂದಳು ತೂಬಾ. ಆಮೇಲೆ ಗೆದ್ದವರನ್ನು ಚಹಾಕ್ಕೆ ಕರೆದಳು. ಜಾಸೆಮ್ ಮೂರು ಸಲ ಬೇಡವೆಂದು, ಉಳಿದ ಹತ್ತೂ ಜನರೊಡನೆ ಬಂದ.

ಈಗ ತೂಬಾಳಿಗೆ ಅರವತ್ತಾರು. ಪ್ರತಿ ತೀರ್ ತಿಂಗಳಲ್ಲಿ ಎರಡು ಜಮಖಾನೆಗಳು ಆ ಮರದಡಿ ಅಂಚಿಗೆ ಅಂಚು ತಾಗಿಸಿ ಹಾಸಿರುತ್ತವೆ. ಕೆರಾಮತ್ ಅವುಗಳ ನಡುವೆ ಗೊರಕೆ ಹೊಡೆಯುತ್ತಾನೆ. ಆ ಆಟದ ನಂತರ ಅವಳು ಸೋತಿಲ್ಲ. ಸುದ್ದಿಯನ್ನು ತಿದ್ದಿಯೂ ಇಲ್ಲ.