ಅತ್ತೆಯ ತೋಟಕ್ಕೆ ಬಂದ ಮಾಲತಿ

ತುಮಕೂರಿನ ನಮ್ಮ ಬಾಡಿಗೆ ಮನೆಯ ಹಿಂದೆ ಬಿಹಾರದ ಕಟ್ಟಡ ಕೆಲಸದವರು ಶೆಡ್ ಹಾಕಿಕೊಂಡಿದ್ದಾರೆ. ಸಂಜೆ ಅಲ್ಲಿ ಸಾಸಿವೆ ಎಣ್ಣೆ ಕಾದು ಘಾಟು ಎದ್ದರೆ ಸಾಕು, ನಾನು ಅಮೃತೂರಿನ ಪಕ್ಕದ ಸೋದರತ್ತೆಯ ತೆಂಗಿನ ತೋಟದಲ್ಲಿರುತ್ತೇನೆ. ತಾಯಿಯಿಲ್ಲದ ನನ್ನನ್ನು ಸಾಕಿದವಳು ಆ ಅತ್ತೆ. ನಿಮಗೂ ಅಂಥದೊಂದು ಮನೆ ಇದ್ದು ಕೈತಪ್ಪಿದ್ದರೆ, ವಾಸನೆಯೊಂದು ಹೀಗೆ ಹಿಡಿದೆಳೆಯುವುದು ಗೊತ್ತಿರುತ್ತದೆ.

ಮೊದಲು ನಮ್ಮಲ್ಲಿ ಕಾಯಿ ಸುಲಿಯುತ್ತಿದ್ದವಳು ಊರಿನ ಪುಟ್ಟಮ್ಮ. ಕೆಲಸದ ನಡುವೆ ನನ್ನನ್ನು ಮಟ್ಟೆಯ ರಾಶಿಯ ಮೇಲೆ ಕೂರಿಸಿ ಎಳನೀರಿನ ಗಂಜಿ ತಿನ್ನಿಸುತ್ತಿದ್ದಳು. ಬರಬರುತ್ತಾ ಊರಿನ ಹೆಂಗಸರು ಗಾರ್ಮೆಂಟ್ಸ್ ಬಸ್ಸು ಹತ್ತಿದರು, ಗಂಡಸರು ಪಟ್ಟಣ ಸೇರಿದರು. ಕೆಡವುವವರಿಲ್ಲದೆ ಕಾಯಿ ಮರದಲ್ಲೇ ಒಣಗಿ ಉದುರಿದವು. ಆಗ ಜಾರ್ಖಂಡಿನಿಂದ ಮಾಲತಿ ಮತ್ತು ಅವಳ ಗಂಡ ಬುಧನ್ ಬಂದು ನಮ್ಮ ಮೋಟರ್ ಮನೆಯಲ್ಲಿ ಬಿಡಾರ ಹೂಡಿದರು. ಸಂಜೆಯಾದರೆ ಅವರ ಒಲೆಯಿಂದ ಸಾಸಿವೆ ಎಣ್ಣೆಯ ಘಾಟು ತೋಟವೆಲ್ಲ ಹರಡುತ್ತಿತ್ತು. ಊರವರಿಗಿಂತ ಕಡಿಮೆ ಕೂಲಿ, ಬೆಳಗಿನಿಂದ ಕತ್ತಲಾಗುವವರೆಗೆ ದುಡಿಮೆ. ತೋಟ ಚೇತರಿಸಿಕೊಂಡಿತು. ಮನೆಗೆ ಹೊಸ ಹೆಂಚು ಬಂತು. ಆ ಆದಾಯದಲ್ಲೇ ಅತ್ತೆ ನನ್ನನ್ನು ತುಮಕೂರಿನ ಹಾಸ್ಟೆಲಿನಲ್ಲಿಟ್ಟು ಓದಿಸಿದಳು. ಪುಟ್ಟಮ್ಮನನ್ನು ಮಾತ್ರ ಯಾರೂ ಕರೆಯಲಿಲ್ಲ. ಒಂದು ದಿನ ಅವಳೇ ಬಂದು ಜಗಲಿಯ ಕೆಳಗೆ ನಿಂತಳು.

"ನೀನೂ ಆ ಕೂಲಿಗೇ ಬಾ ಪುಟ್ಟಮ್ಮ, ನಾನೇನ್ ಬ್ಯಾಡ ಅಂದಿಲ್ಲ" ಎಂದಳು ಅತ್ತೆ.

"ಅವ್ರಿಗೆ ಬಾಡ್ಗೆ ಇಲ್ಲ, ಸೌದೆನೂ ತೋಟದ್ದೇ. ಆ ಕೂಲೀಲಿ ನನ್ ಸಂಸಾರ ನಡೆಯಾಕಿಲ್ಲ ಬುಡವ್ವ" ಎಂದು ಅವಳು ಹೊರಟುಹೋದಳು. ಆಮೇಲೆ ಕುಣಿಗಲ್ಲಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾಳೆಂದು ಕೇಳಿದೆ.

ಪುಟ್ಟಮ್ಮ ಹೋದದ್ದಕ್ಕೆ ನಾನು ಮಾಲತಿಯನ್ನು ದ್ವೇಷಿಸಿದೆ ಎಂದರೆ ಅರ್ಧ ಮಾತ್ರ ನಿಜ. ನಾನು ರಜೆಗೆ ಬಂದಾಗ ಅತ್ತೆಯ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದವಳು ಅವಳು. ಅತ್ತೆ ಅವಳ ತಲೆಗೆ ಎಣ್ಣೆ ಹಚ್ಚಿ, ತಪ್ಪು ಕನ್ನಡಕ್ಕೆ ನಕ್ಕು, "ಏನ್ಲೇ ಮಾಲ್ತಿ" ಎನ್ನುತ್ತಿದ್ದಳು. ಮೊದಲು ಹಾಗೆ ಕರೆಸಿಕೊಳ್ಳುತ್ತಿದ್ದವಳು ನಾನು. ನನ್ನನ್ನೀಗ ಅತ್ತೆ ನೆಂಟರನ್ನು ವಿಚಾರಿಸುವ ಹಾಗೆ, ಊಟ ಸೇರಿತಾ ಎಂದು ಕೇಳುತ್ತಿದ್ದಳು. ನನ್ನ ಫೀಸು ಮಾಲತಿಯ ದುಡಿಮೆಯದು ಎಂಬುದು ನೆನಪಾದಾಗ ಹೊಟ್ಟೆಯ ಉರಿ ಇನ್ನೂ ಹೆಚ್ಚುತ್ತಿತ್ತು.

ಅತ್ತೆ ಹಾಸಿಗೆ ಹಿಡಿದಾಗ ಪರೀಕ್ಷೆ ಮುಗಿಸಿ ಬಂದೆ. ಅವಳಿಗೆ ಗಂಜಿ ಕುಡಿಸಲು ಹೋದರೆ ಬಾಯಿ ತೆರೆಯಲಿಲ್ಲ. ಮಾಲತಿ ಚಮಚ ತೆಗೆದುಕೊಂಡಳು, ಅತ್ತೆ ಕುಡಿದಳು. ಕೆಲವೇ ದಿನಗಳಲ್ಲಿ ಅತ್ತೆ ಹೋದಳು. ನೆಂಟರ ನಡುವೆ ನಾನು ಸೆರಗಿನಲ್ಲಿ ಮುಖ ಮುಚ್ಚಿ ಮೆಲ್ಲಗೆ ಬಿಕ್ಕಿದೆ. ಮಾಲತಿ ಅಂಗಳದಲ್ಲಿ ಕೂತು, ನಮ್ಮಲ್ಲಿ ಯಾರಿಗೂ ತಿಳಿಯದ ಭಾಷೆಯಲ್ಲಿ, ಅತ್ತೆಯೊಂದಿಗೆ ಮಾತಾಡುವ ಹಾಗೆ ಗಟ್ಟಿಯಾಗಿ ಅತ್ತಳು. ಹಾಗೆ ಅಳಲು ನನಗೆ ಬರಲಿಲ್ಲವಲ್ಲ ಎಂದು ಆಗಲೂ ಹೊಟ್ಟೆಕಿಚ್ಚಾಯಿತು.