ಎಡಗಡೆಯ ಲೈಟು

ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಆಸ್ಪತ್ರೆಯವರು ನನ್ನ ತಂಗಿಯನ್ನು ಕಳಿಸಿದ ದಿನವೇ ನಮ್ಮ ಕಾರಿನ ಎಡಗಡೆಯ ಲೈಟು ಸತ್ತಿತು. ಅವಳನ್ನು ಕೊಟ್ಟದ್ದು ಖಾನಾಪುರದ ಆಚೆ, ಹಲಸಿಗೆ. ಮಧ್ಯಾಹ್ನ ಅವಳ ಮಗಳು ಫೋನು ಮಾಡಿದಳು.

"ದೊಡ್ಡವ್ವ, ಅವ್ವ ನಿನ್ನ ಕೇಳಾಕತ್ತಾಳ. ಇವತ್ತ ಬಾ. ಮಾತು ತೊದಲಾಕತ್ತೈತಿ."

ಮಾತು ಪೂರಾ ನಿಲ್ಲುವ ಮೊದಲು ಅವಳ ಎದುರಿಗೆ ಹೋಗಿ ಕೂರಬೇಕು, ನನಗೆ ಬೇಕಾಗಿದ್ದು ಅಷ್ಟೇ. ಮೊಣಕಾಲು ಬಾತು ಬಸ್ಸು ಹತ್ತಲು ಬರುತ್ತಿರಲಿಲ್ಲ.

ಮಗ ಫೌಂಡ್ರಿ ಕೆಲಸ ಮುಗಿಸಿ ಬಂದಾಗ ಐದಾಗಿತ್ತು. ಕಾರು ಇನ್ನೊಬ್ಬರು ಬಳಸಿ ಬಿಟ್ಟದ್ದು. ಆದರೂ ಝೆನಾನ್ ಲೈಟು ಇದೆ, ಹಾಲಿನ ಹಾಗೆ ಉರಿಯುತ್ತದೆ ಎಂದು ಅವನಿಗೆ ಬಹಳ ಜಂಬ. ಹೊರಡುವ ಮುಂಚೆ ಹಚ್ಚಿ ನೋಡಿದ. ಎಡಗಡೆಯದು ಎರಡು ಸಲ ಮಿಣುಕಿ ಆರಿತು.

"ಒಂದ ಲೈಟಿನ ಮ್ಯಾಲ ನಡಿ" ಎಂದೆ.

"ಅವ್ವಾ, ಅದು ಕಾಡಿನ ದಾರಿ. ಎದುರಿನ ಟ್ರಕ್ಕಿನವ ಮೋಟರ್‌ಸೈಕಲ್ ಅಂತ ತಿಳದು ಮೈಮ್ಯಾಲ ಬರ್ತಾನ."

ಬಾಡಿಗೆ ಕಾರು ಹೇಳು ಎಂದೆ. ಅವನು ಉದ್ಯಮಬಾಗದ ವೈರಿಂಗ್ ಮಿಸ್ತ್ರಿಗೆ ಫೋನು ಮಾಡಿದ. ಅರ್ಧ ತಾಸಿನ ಕೆಲಸ ಎಂದನಂತೆ. ಆ ಅರ್ಧ ತಾಸನ್ನು ನಂಬಿದೆವು.

ಗ್ಯಾರೇಜಿನಲ್ಲಿ ಮಿಸ್ತ್ರಿ ನನ್ನನ್ನು ಹಳೇ ಟೈರಿನ ಮೇಲೆ ಕೂರಿಸಿದ. ಮೊದಲು ಫ್ಯೂಜು ನೋಡಿದ, ಸರಿ ಇತ್ತು. ಆಮೇಲೆ ಬಲ್ಬುಗಳನ್ನು ಗಾಜಿಗೆ ಬೆರಳು ತಾಗದಂತೆ ಬಟ್ಟೆಯಲ್ಲಿ ಹಿಡಿದು, ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿದ.

"ಬಲ್ಬ್ ಕೆಟ್ಟಿದ್ರ ರೋಗ ಅದರ ಸಂಗಾಟ ಬಲಕ್ಕ ಹೋಗಬೇಕ್ರಿ, ಆಯಿ."

ಹೋಗಲಿಲ್ಲ. ಎಡಗಡೆಯೇ ಕತ್ತಲು. ಆಗ ಲೈಟಿನ ಬುಡದ ಡಬ್ಬಿಯನ್ನು ಬಿಚ್ಚಿದ. ಬಲ್ಬಿಗೆ ಕರೆಂಟು ಏರಿಸಿ ಕೊಡುವುದು ಅದೇ, ಬ್ಯಾಲಸ್ಟ್ ಎನ್ನುತ್ತಾರೆ. ವೈರು ಸಿಗಿಸುವ ಬಾಯಿ ಹಸಿರುಗಟ್ಟಿತ್ತು.

"ಏನ್ ಸುರುವೀರಿ ಇದಕ್ಕ?"

"ಏನಿಲ್ಲ. ಖಂಡೇನವಮಿಗಿ ತೊಳದಿದ್ವಿ" ಎಂದ ಮಗ.

"ತೊಳದ ನೀರಲ್ಲ ಇದು. ಅಂಟೈತಿ ನೋಡ್ರಿ."

ನನಗೆ ತಿಳಿಯಿತು. ವಡಗಾವಿಯಲ್ಲಿ ನಮ್ಮದು ನೇಕಾರರ ಮನೆ. ಖಂಡೇನವಮಿಗೆ ಕಾಯಿ ಒಡೆದು ಮಗ್ಗದ ಬುಡಕ್ಕೆ ನೀರು ಬಿಡುವುದು ಅತ್ತೆಯಿಂದ ಬಂದ ರೂಢಿ. ಮಗ್ಗ ಹೋದ ಮೇಲೆ ಕಾರಿಗೆ ಬಿಡುತ್ತೇನೆ. ಹದಿನೈದು ದಿನದ ಹಿಂದೆ ಪೂಜೆಯ ಹೊತ್ತಿಗೆ ಬಾನೆಟ್ ತೆರೆದಿತ್ತು, ಲೈಟಿನ ಹಿಂದೆ ಒಂದು ಗೂಡು ಕಂಡಿತು. ಅದರಲ್ಲೇ ಸುರಿದೆ.

"ನಾನ ಸುರುವೀನಿ, ಕಾಯಿನೀರು. ನಮ್ಮ ಮಗ್ಗ ಜನ್ಮಪೂರ್ತಿ ಕುಡೀತು, ಅದಕ್ಕೇನೂ ಆಗಲಿಲ್ಲ" ಎಂದೆ.

"ನಿಮ್ಮ ಮಗ್ಗಕ್ಕ ಕರೆಂಟ್ ಎಲ್ಲಿತ್ರಿ, ಆಯಿ?" ಮಿಸ್ತ್ರಿ ನಕ್ಕ. ಮಗ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಬೇರೆ ಡಬ್ಬಿ ನಾಳೆಯೇ ಸಿಗುವುದು ಎಂದು ಮಿಸ್ತ್ರಿ ಹೇಳಿದಾಗ ಏಳೂವರೆ. ಬಾಡಿಗೆಯವರಲ್ಲಿ ಒಬ್ಬ ಗೋವಾಕ್ಕೆ ಹೋಗಿದ್ದ, ಇನ್ನೊಬ್ಬ ಕತ್ತಲಲ್ಲಿ ಆ ದಾರಿಗೆ ಬರುವುದಿಲ್ಲ ಎಂದ. ಬೆಳಿಗ್ಗೆ ಬರುತ್ತೇವೆಂದು ತಂಗಿಯ ಮಗಳಿಗೆ ಹೇಳಿ, ಫೋನನ್ನು ಅವ್ವನ ಕಿವಿಗೆ ಹಿಡಿ ಎಂದೆ. ತಂಗಿ ಏನೋ ಅಂದಳು. ತಿಳಿಯಲಿಲ್ಲ.

ಬೆಳಕಾದ ಕೂಡಲೇ ಹೊರಟೆವು. ಖಾನಾಪುರದವರೆಗೆ ಮಗ ಎಲ್ಲೂ ನಿಲ್ಲದೆ ಓಡಿಸಿದ. ಅಲ್ಲಿ ಚಹಾಕ್ಕೆ ನಿಲ್ಲಿಸಿದ.

"ಅವ್ವಾ, ಲೈಟಿನ ಹಿಂದಿನ ರಬ್ಬರ್ ಮುಚ್ಚಳ ನಾನ ಹಾಕಿರಲಿಲ್ಲ."

"ಇಬ್ಬರದೂ ತಪ್ಪೈತಿ. ಚಹಾ ಕುಡಿ."

ತಂಗಿ ಕಣ್ಣು ತೆರೆದು ಮಲಗಿದ್ದಳು. ಮಾತು ನಸುಕಿನಲ್ಲೇ ನಿಂತಿತ್ತು. ನಾನು ಬಂದೀನಿ ಎಂದು ಎರಡು ಸಲ ಹೇಳಿದೆ. ನನ್ನನ್ನು ನೋಡಿದಳೋ ಮೇಲಿನ ತೊಲೆ ನೋಡಿದಳೋ ಹೇಳಲಾರೆ. ಬಾಯಿಗೆ ಚಮಚದಲ್ಲಿ ನೀರು ಬಿಟ್ಟೆ, ಅರ್ಧ ಹೊರಗೆ ಬಂತು. ಅವಳ ಮಗಳ ಕೈತುಂಬ ಸೊಳ್ಳೆ ಕಚ್ಚಿ ಗಂಧೆ ಎದ್ದಿತ್ತು. ಏನಿದು ಎಂದು ಕೇಳಿದೆ.

"ರಾತ್ರಿ ಪೂರಾ ಬಾಗಲಾ ಹಾಕಗೊಡಲಿಲ್ಲ, ದೊಡ್ಡವ್ವ. ಅಕ್ಕಾ ಬರ್ತಾಳ, ತಗದ ಇಡ್ರಿ ಅಂದ್ಲು. ಅದ ಕಡೀ ಮಾತು."

ಮೂರನೆಯ ದಿನ ತಂಗಿ ಹೋದಳು. ಅಷ್ಟರಲ್ಲಿ ಮಗ ಹೊಸ ಡಬ್ಬಿ ಹಾಕಿಸಿದ್ದ. ಮಣ್ಣು ಕೊಟ್ಟು ವಾಪಸು ಬರುವಾಗ ಕತ್ತಲಾಯಿತು, ಎರಡೂ ಲೈಟು ಸರಿಯಾಗಿ ಉರಿದವು.