ರಾಗ್ನಾ ಹೇಳಿದ ನಿಜ

ಚಳಿಗಾಲದಲ್ಲಿ ನಮ್ಮ ಕಣಿವೆಯ ರಸ್ತೆಗಳಿಂದ ಹಿಮ ತಳ್ಳುವ ಟ್ರಕ್ಕು ಓಡಿಸುತ್ತಿದ್ದವನ ಮಗಳು ರಾಗ್ನಾ. ನಡೆಯುವುದಕ್ಕೆ ಮೊದಲೇ ಸ್ಕೀ ಕಲಿತವಳು ಎಂದು ಅವಳ ಅಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಸುಳ್ಳೆಂದು ಗೊತ್ತಿದ್ದರೂ ಅವಳು ಇಳಿಜಾರಿನಲ್ಲಿ ಜಾರುವುದನ್ನು ನೋಡಿದವರು ಇರಬಹುದೇನೋ ಅಂದುಕೊಳ್ಳುತ್ತಿದ್ದರು. ಅಗಲವಾದ ಭುಜ, ಗಟ್ಟಿ ದನಿ. ಅವಳು ನಕ್ಕರೆ ರಸ್ತೆಯ ಆಚೆ ಬದಿಗೆ ಕೇಳುತ್ತಿತ್ತಂತೆ. ಈ ನಗುವಿನ ಮಾತನ್ನು ನಾನು ಬೇರೆಯವರಿಂದ ಕೇಳಿದ್ದು. ನಾನು ಅವಳ ಜೊತೆ ಕೆಲಸಕ್ಕೆ ಸೇರುವ ಹೊತ್ತಿಗೆ ಆ ನಗು ಇರಲಿಲ್ಲ.

ಇಪ್ಪತ್ತು ತುಂಬಿದ ವರ್ಷ ಅವಳು ಕಣಿವೆಯ ಕೆಳಗಿನ ಕಾಲೇಜಿನಲ್ಲಿ ಓದುತ್ತಿದ್ದಳು. ಅಲ್ಲಿ ಹಲ್ವೋರ್ ಎಂಬ ಮೇಷ್ಟ್ರು ಪ್ರತಿ ಈಸ್ಟರ್ ರಜೆಯಲ್ಲಿ ಮನಸ್ಸಿದ್ದ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ಸ್ಕೀ ಮೇಲೆ ಪ್ರಸ್ಥಭೂಮಿ ದಾಟಿಸುತ್ತಿದ್ದ. ಹಗಲೆಲ್ಲ ಪ್ರಯಾಣ, ಸಂಜೆಗೆ ಟೆಂಟು. ಆ ವರ್ಷ ಆರು ಜನ ಹೆಸರು ಕೊಟ್ಟಿದ್ದರು. ಏಳನೆಯವನು ಐನಾರ್.

ಐನಾರ್ ಬೆಟ್ಟದ ಹುಡುಗನಲ್ಲ. ಶಾಲಾ ಬಸ್ಸಿನ ಚಾಲಕ ತೋರ್ಗ್ರಿಮ್ ಮತ್ತು ಬೋರ್ಗಿಲ್ ದಂಪತಿಗೆ ಒಬ್ಬನೇ ಮಗ. ಉದ್ದಕ್ಕೆ ಬೆಳೆದ ಸಣಕಲ ಮೈ. ಕೆಟ್ಟ ರೇಡಿಯೋ ಕೈಗೆ ಸಿಕ್ಕರೆ ಊಟ ಮರೆಯುವವನು. ರಾಗ್ನಾ ಎದುರು ಬಂದರೆ ಮಾತು ತಡವರಿಸುತ್ತಿದ್ದ. ಅದು ಇಡೀ ಕಾಲೇಜಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ರಜೆಗೆ ಮುಂಚಿನ ವಾರ ಊಟದ ಮನೆಯಲ್ಲಿ ಎಲ್ಲರ ಎದುರು ಅವಳು ಅವನನ್ನು ಕೆಣಕಿದಳು.

"ಏನೋ ಐನಾರ್, ಈಸ್ಟರ್‌ಗೆ ಅಮ್ಮನ ಪಕ್ಕ ಸೋಫಾದಲ್ಲಿ ಕೂತ್ಕೊಂಡು ಕಿತ್ತಳೆ ಸುಲೀತಾ ಇರ್ತೀಯಾ?"

"ಸುಲಿದ್ರೆ ತಪ್ಪೇನೇ? ಮನೆ ಬೆಚ್ಚಗಿರುತ್ತೆ."

"ಅದನ್ನೇ ಬೆಟ್ಟದ ಮೇಲೆ ಕೂತು ಸುಲಿ ನೋಡೋಣ. ಆಗ ನಿನ್ನನ್ನ ಗಂಡಸು ಅಂತ ಒಪ್ಕೋತೀನಿ."

ಮೇಜಿನ ಸುತ್ತ ಎಲ್ಲರೂ ನಕ್ಕರು. ಐನಾರ್ ಕೂಡ ಕಿವಿ ಕೆಂಪಗೆ ಮಾಡಿಕೊಂಡು ನಕ್ಕ. ಸಂಜೆ ಹೋಗಿ ಹಲ್ವೋರ್ ಬಳಿ ತಾನೂ ಬರುತ್ತೇನೆ ಅಂದ.

ಮೊದಲೆರಡು ದಿನ ಯಾರೂ ಕಂಡಿರದಂಥ ಬಿಸಿಲು. ಎಲ್ಲರ ಮೂಗೂ ಸುಟ್ಟು ಸಿಪ್ಪೆ ಎದ್ದಿತ್ತು. ಮಧ್ಯಾಹ್ನ ಹಿಮದಲ್ಲಿ ಕುಳಿ ತೋಡಿ, ಜಿಂಕೆ ಚರ್ಮ ಹಾಸಿ ಕೂತು, ಕಡ್ಡಿಗೆ ಸಿಕ್ಕಿಸಿದ ಸಾಸೇಜ್ ಸುಟ್ಟು ತಿಂದರು. ಐನಾರ್ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದ, ಎಲ್ಲರಿಗಿಂತ ಹೆಚ್ಚು ಸಲ ಮುಗ್ಗರಿಸುತ್ತಿದ್ದ. ಆದರೂ ಖುಷಿಯಾಗಿದ್ದ. "ಇಷ್ಟು ದೊಡ್ಡ ಆಕಾಶ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಕಣೇ," ಎಂದು ರಾಗ್ನಾಗೆ ಹೇಳಿದನಂತೆ. ಅವನು ತಡವರಿಸದೆ ತನ್ನೊಂದಿಗೆ ಆಡಿದ ಮೊದಲ ಮಾತು ಅದು ಎಂದು ಅವಳು ಬಹಳ ವರ್ಷಗಳ ಮೇಲೆ ನನಗೆ ಹೇಳಿದಳು.

ಮೂರನೆಯ ಬೆಳಿಗ್ಗೆ ರೇಡಿಯೋದಲ್ಲಿ ಪಶ್ಚಿಮದಿಂದ ಬಿರುಗಾಳಿ ಬರುತ್ತಿದೆ ಎಂದರು. ಹಲ್ವೋರ್ ಆಕಾಶ ನೋಡಿದ. ಸರೋವರದ ಆಚೆ ಪ್ರವಾಸಿಗಳ ಬಿಡಾರವೊಂದಿತ್ತು. ಒಲೆ, ಸೌದೆ, ಮಂಚ ಎಲ್ಲ ಇದ್ದ ಮರದ ಮನೆ. ಗಾಳಿ ಬರುವುದರೊಳಗೆ ಅಲ್ಲಿ ಸೇರಿಕೊಳ್ಳಬಹುದು ಎಂದು ಅವನ ಲೆಕ್ಕ. ಗಾಳಿ ಮಧ್ಯಾಹ್ನಕ್ಕೂ ಮೊದಲೇ ಬಂತು. ನೆಲ ಯಾವುದು, ಆಕಾಶ ಯಾವುದು ಎಂಬುದು ಅಳಿಸಿಹೋಯಿತು. ಮುಂದಿದ್ದವನ ಬೆನ್ನಿನ ಚೀಲ ಕಾಣದಷ್ಟು ಬಿಳಿ. ದಾರಿ ಗುರುತಿಗೆ ನೆಟ್ಟಿದ್ದ ಕೋಲುಗಳು ಒಂದು ಸಿಕ್ಕರೆ ಇನ್ನೊಂದು ಸಿಗುತ್ತಿರಲಿಲ್ಲ. ಹೊಳೆ ಸರೋವರ ಬಿಟ್ಟು ಹೊರಡುವ ಕಡೆ ಹಿಮದ ಕೆಳಗೆ ನೀರಿರುತ್ತದೆ. ಅಲ್ಲಿ ಐನಾರ್ ಸೊಂಟದವರೆಗೆ ಕುಸಿದ.

ಅವನನ್ನು ಎಳೆದು ಮೇಲೆ ಹಾಕುವಷ್ಟರಲ್ಲಿ ಪ್ಯಾಂಟು ಕಟ್ಟಿಗೆಯಂತಾಗಿತ್ತು. ಅವನ ಚೀಲ ನೆನೆದಿತ್ತು, ಒಳಗಿದ್ದ ಮಲಗುವ ಚೀಲವೂ ನೆನೆದಿತ್ತು. ಟೆಂಟು ಬಿಚ್ಚಿದರೆ ಗಾಳಿ ಅದನ್ನು ಅವರ ಕೈಯಿಂದ ಕಿತ್ತುಕೊಂಡು ಹೋಯಿತು. ಕೊನೆಗೆ ಹಲ್ವೋರ್ ಒಂದು ದಿಬ್ಬದ ಪಕ್ಕ ಹಿಮ ಕೊರೆದು ಇಬ್ಬರು ಮುದುರಿಕೊಳ್ಳುವಷ್ಟು ಗುಂಡಿ ಮಾಡಿದ. ಉಳಿದ ಹುಡುಗರಲ್ಲೊಬ್ಬನ ಕೆನ್ನೆ ಆಗಲೇ ಬಿಳಿಚಿ ಮರಗಟ್ಟುತ್ತಿತ್ತು.

"ಇವರನ್ನ ಬಿಡಾರಕ್ಕೆ ಸೇರಿಸಿ ವಾಪಸ್ ಬರ್ತೀನಿ," ಅಂದ ಹಲ್ವೋರ್, ಅವಳ ಕಿವಿಗೆ ಬಾಯಿಟ್ಟು ಕೂಗುತ್ತ. "ನೀನು ಇವನ ಜೊತೆ ಇರು ರಾಗ್ನಾ. ನಿನ್ನಷ್ಟು ಗಟ್ಟಿ ಬೇರೆ ಯಾರೂ ಇಲ್ಲ."

"ಬೇಗ ಬನ್ನಿ."

"ಬಂದೇ ಬರ್ತೀನಿ."

ಅವನು ಬರಲಿಲ್ಲ. ಬರಲು ಹೊರಟಿದ್ದ, ದಾರಿ ಕಾಣದೆ ತಿರುಗಿ ಹೋಗಿದ್ದ. ಅದು ಇವರಿಗೆ ತಿಳಿಯುವಂತಿರಲಿಲ್ಲ. ರಾಗ್ನಾ ಐನಾರ್‌ನ ಒದ್ದೆ ಬಟ್ಟೆ ಕಿತ್ತು, ತನ್ನ ಉಣ್ಣೆ ಬಟ್ಟೆ ತೊಡಿಸಿ, ತನ್ನ ಮಲಗುವ ಚೀಲದೊಳಗೆ ತೂರಿಸಿ ತಾನೂ ಅವನನ್ನು ಅಪ್ಪಿಕೊಂಡು ಬಿದ್ದಿದ್ದಳು. ಮೊದಮೊದಲು ಅವನು ನಡುಗುತ್ತಿದ್ದ. ಆಮೇಲೆ ನಡುಕ ನಿಂತಿತು. ಅದು ಒಳ್ಳೆಯದಲ್ಲ ಎಂದು ಅವಳಿಗೆ ಗೊತ್ತಿತ್ತು. ತನ್ನ ಕಾಲ್ಬೆರಳುಗಳೂ ಸತ್ತಂತಾಗಿದ್ದವು. ಹೀಗೇ ಇದ್ದರೆ ಇಬ್ಬರೂ ಇಲ್ಲೇ ಎಂದು ಅನ್ನಿಸಿದಾಗ, ಇನ್ನೂ ಬೆಳಕಿರುವಾಗಲೇ ಹೊರಟು ಜನರನ್ನು ಕರೆತರುತ್ತೇನೆ ಅಂದಳು. ಅವನು ಅವಳ ತೋಳು ಹಿಡಿದುಕೊಂಡ. ಅವಳು ಬಿಡಿಸಿಕೊಂಡು ಹೊರಟಳು. ಗುಂಡಿಯ ಬಾಯಿಗೆ ಗುರುತಾಗಿ ಅವನ ಸ್ಕೀಗಳನ್ನು ನೆಟ್ಟಳು.

ಬಿಡಾರದ ಬಾಗಿಲು ತಳ್ಳಿದಾಗ ಎಲ್ಲರೂ ಒಲೆಯ ಸುತ್ತ ಇದ್ದರು. ತಂತಿಯ ಮೇಲೆ ಕಾಲುಚೀಲಗಳು ಒಣಗುತ್ತಿದ್ದವು. ಹಲ್ವೋರ್ ಎದ್ದು ನಿಂತ.

"ಐನಾರ್ ಎಲ್ಲಿ?"

ಅವಳಿಗೆ ತುಟಿ ತೆರೆಯಲಾಗಲಿಲ್ಲ. ಹಿಂದೆ ಕೈ ತೋರಿಸಿದಳು. ಹಲ್ವೋರ್ ಕೂಡಲೇ ಹೊರಗೆ ಹೋದ, ಸ್ವಲ್ಪ ಹೊತ್ತಿಗೆ ಹುಡುಗರು ಅವನನ್ನು ಹಿಡಿದು ಒಳಗೆ ತಂದರು.

ಗಾಳಿ ಇಳಿಯಲು ಎರಡು ದಿನ ಬೇಕಾಯಿತು. ನೆಟ್ಟ ಸ್ಕೀ ಒಂದೂ ನಿಂತಿರಲಿಲ್ಲ, ಅವಳು ತೋರಿಸಿದ ದಿಬ್ಬ ದಿಬ್ಬದಂತೆ ಇರಲಿಲ್ಲ. ಹುಡುಕುವವರ ನಾಯಿ ಕೊನೆಗೆ ಒಂದು ಕಡೆ ಕೆರೆಯಿತು. ಐನಾರ್ ಗುಂಡಿಯೊಳಗೆ ಇರಲಿಲ್ಲ. ಹೊರಗೆ ಬಂದಿದ್ದ. ಅವಳು ಹೋದ ದಿಕ್ಕಿಗೇ ತಲೆ ಮಾಡಿ, ಮಂಡಿಯ ಮೇಲೆ ಒಂದಷ್ಟು ದೂರ ತೆವಳಿದ್ದ.

ಪತ್ರಿಕೆಗಳು ಬಿರುಗಾಳಿ ಸೀಳಿ ಬಂದ ಹುಡುಗಿ ಎಂದು ಅವಳ ಫೋಟೋ ಹಾಕಿದವು. ಅವಳು ಎರಡು ಕಾಲ್ಬೆರಳು ಕಳೆದುಕೊಂಡು ಆಸ್ಪತ್ರೆಯಲ್ಲಿದ್ದಳು. ಅಲ್ಲೇ ಉಳಿದಿದ್ದರೆ ಇಬ್ಬರೂ ಸಾಯುತ್ತಿದ್ದಿರಿ ಎಂದು ಒಬ್ಬ ಡಾಕ್ಟರು ಹೇಳಿದ. ಇನ್ನೊಬ್ಬನನ್ನು ಕೇಳಿದಾಗ ಅವನು ಕಿಟಕಿಯ ಕಡೆ ನೋಡಿದ. ಹಲ್ವೋರ್ ಕಾಲೇಜು ಬಿಟ್ಟು ಉತ್ತರದ ಕಡೆ ಹೊರಟುಹೋದ, ಮತ್ತೆ ಈ ಕಡೆ ಕಾಣಿಸಲಿಲ್ಲ.

ಹಿಮ ಕರಗಿ ರಸ್ತೆ ಕೆಸರಾಗಿದ್ದಾಗ ತೋರ್ಗ್ರಿಮ್ ಅವಳ ಮನೆಗೆ ಬಂದ. ಅವಳು ಕಾಫಿ ಬಗ್ಗಿಸಿದಳು. ಅವನು ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡು ಕೂತ.

"ಕೊನೇಲಿ ಅವನು ಏನಂದ?"

"ತಮಾಷೆ ಮಾಡ್ತಿದ್ದ," ಅಂದಳು ರಾಗ್ನಾ. ಈ ಪ್ರಶ್ನೆಗೆ ಅವಳು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು. "ಬೇಗ ಹೋಗಿ ಬಾ, ಬರ್ತಾ ಬಿಸಿ ಕಾಫಿ ತಗೊಂಡ್ ಬಾ ಅಂದ."

ತೋರ್ಗ್ರಿಮ್ ಕಾಫಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ರಾಗ್ನಾ, ಅವನು ನನ್ನ ಮಗ. ಹತ್ತು ವರ್ಷದವನಾಗೋವರೆಗೂ ದೀಪ ಆರಿಸೋಕೆ ಬಿಡ್ತಿರ್ಲಿಲ್ಲ. ಅಲ್ಲಿ ಕೂತು ಅವನು ತಮಾಷೆ ಮಾಡಿದ ಅಂದ್ರೆ ನಾನು ನಂಬಬೇಕಾ? ನನಗೆ ಅವನದೇ ಮಾತು ಬೇಕು. ಬೇರೆ ಯಾರೋ ಹುಡುಗನದು ಬೇಡ."

ಅವಳು ಹೇಳಿದಳು. ಎಲ್ಲವನ್ನೂ ಹೇಳಿದಳು. ಅವನು ಎದ್ದು ನಿಂತು, ಅವಳಿಗೆ ಕೈ ಕೊಟ್ಟು, ಥ್ಯಾಂಕ್ಸ್ ಹೇಳಿ ಹೋದ.

ಆ ಬೇಸಿಗೆಯೆಲ್ಲ ಅವನು ವಾರದ ಕೊನೆಗೆ ಪ್ರಸ್ಥಭೂಮಿಗೆ ಹೋಗಿ ಸರೋವರದ ದಂಡೆಯಲ್ಲಿ ಅಲೆಯುತ್ತಿದ್ದ. ಶಾಲೆ ತೆರೆದಾಗ ಬಸ್ಸಿಗೆ ಬೇರೆ ಚಾಲಕ ಬಂದಿದ್ದ. ನವೆಂಬರಿನಲ್ಲಿ, ಮಕ್ಕಳೂ ಕಾಲಿಡದಷ್ಟು ತೆಳ್ಳಗಿನ ಮಂಜುಗಡ್ಡೆಯ ಮೇಲೆ ನಡೆದು ಹೋಗಿ ಅವನು ನೀರು ಪಾಲಾದ. ಅಪಘಾತ ಎಂದೇ ಪಾದ್ರಿಗಳು ಹೇಳಿದರು. ನಾವೆಲ್ಲ ಹಾಗೇ ಹೇಳಿದೆವು.

ಶವಸಂಸ್ಕಾರವಾದ ಮೇಲೆ ಒಂದು ದಿನ ದಿನಸಿ ಅಂಗಡಿಯಲ್ಲಿ ಬೋರ್ಗಿಲ್ ರಾಗ್ನಾಳ ದಾರಿಗೆ ಅಡ್ಡ ನಿಂತಳು.

"ನಿನ್ನ ಮನೆಗೆ ಹೋಗಿ ಬಂದವನು ಆಮೇಲೆ ನನ್ ಹತ್ರ ಬಾಯಿ ಬಿಡ್ಲೇ ಇಲ್ಲ. ಏನು ಹೇಳ್ದೆ ಅವನಿಗೆ?"

ರಾಗ್ನಾ ಕೈಯಲ್ಲಿದ್ದ ಬುಟ್ಟಿಯನ್ನು ನೆಲಕ್ಕಿಟ್ಟಳು.

"ಸುಳ್ಳು ಹೇಳೋಕೆ ನಾಲಿಗೆ ಇರ್ಲಿಲ್ವಾ ನಿಂಗೆ? ಮಗನನ್ನ ಅಲ್ಲಿ ಬಿಟ್ಟು ಬಂದೆ. ಗಂಡನನ್ನೂ ತಗೊಂಡ್ಯಲ್ಲೇ!"

ಅಂಗಡಿಯಲ್ಲಿದ್ದವರೆಲ್ಲ ಹಾಲಿನ ಪೊಟ್ಟಣಗಳನ್ನು ನೋಡುತ್ತ ನಿಂತರು.

ಬೇರೆಯವರಾಗಿದ್ದರೆ ಊರು ಬಿಡುತ್ತಿದ್ದರು. ರಾಗ್ನಾ ಕಾಲೇಜು ಬಿಟ್ಟಳು, ಊರು ಬಿಡಲಿಲ್ಲ. ವಯಸ್ಸಾದವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವ ಸ್ಥಳೀಯ ಆಡಳಿತದ ಕೆಲಸಕ್ಕೆ ಸೇರಿದಳು. ರಸ್ತೆ ಕೆಲಸದವನೊಬ್ಬನನ್ನು ಮದುವೆಯಾದಳು. ರಾತ್ರಿ ತೋಳು ತಾಕಿದರೆ ಇವಳು ಕಿರುಚಿ ಏಳುತ್ತಾಳೆ ಎಂದು ಅವನು ಕೆಲವು ವರ್ಷಕ್ಕೇ ಬಿಟ್ಟುಹೋದ. ಸ್ಕೀ ಮತ್ತೆ ಮುಟ್ಟಲಿಲ್ಲ. ಈಸ್ಟರಿನಲ್ಲಿ ಊರಿಗೆ ಊರೇ ಬೆಟ್ಟ ಹತ್ತಿದರೆ ಎಲ್ಲರ ಪಾಳಿಯನ್ನೂ ಇವಳೇ ಮಾಡುತ್ತಿದ್ದಳು. ನಾನು ಸೇರಿದ ಮೇಲೆ ಇಬ್ಬರೂ ಒಂದೇ ಕಾರಿನಲ್ಲಿ ಓಡಾಡುತ್ತಿದ್ದೆವು. ಮುದುಕರಿಗೆ ಅವಳೆಂದರೆ ಇಷ್ಟ. ಸಾಯುವವರ ಪಕ್ಕ ಅವಳು ಪಾಳಿ ಮುಗಿದರೂ ಏಳುತ್ತಿರಲಿಲ್ಲ. ಮೇಲಿನವರು ಬೈದರೂ ಅಷ್ಟೇ.

ಹೀಗೇ ವರ್ಷಗಳು ಕಳೆದು ಒಂದು ಚಳಿಗಾಲ ಬೋರ್ಗಿಲ್ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಎತ್ತಿ ಸ್ನಾನ ಮಾಡಿಸಲು ಇಬ್ಬರು ಬೇಕು. ಅವಳ ಮನೆ ನಮ್ಮ ಭಾಗಕ್ಕೆ ಬಂತು.

"ನಾನು ಬೇರೆ ಯಾರನ್ನಾದ್ರೂ ಕೇಳ್ಲೇನೇ?" ಅಂದೆ ನಾನು ಕಾರಿನಲ್ಲಿ.

"ಇವತ್ತು ಯಾರಿದಾರೆ? ಅರ್ಧ ಜನಕ್ಕೆ ಜ್ವರ. ನಡಿ."

ಬಾಗಿಲಲ್ಲಿ ನಿಂತ ರಾಗ್ನಾಳನ್ನು ಮುದುಕಿ ಕುರ್ಚಿಯಿಂದಲೇ ನೋಡಿದಳು. "ಬೇರೆಯವರನ್ನ ಕಳಿಸೋಕೆ ಹೇಳು."

"ಹೇಳ್ತೀನಿ ಬೋರ್ಗಿಲ್. ಆದ್ರೆ ಇವತ್ತು ನಾವೇ ಇರೋದು. ಸ್ನಾನ ಬೇಕೋ ಬೇಡ್ವೋ?"

ಮುದುಕಿ ಮುಖ ತಿರುಗಿಸಿ ಕೈ ಎತ್ತಿ ಕೊಟ್ಟಳು, ಅಂಗಿ ತೆಗೆಯಲಿ ಎಂದು.

ಬೇರೆಯವರನ್ನು ಕಳಿಸಲು ಅವಳೂ ಮತ್ತೆ ಹೇಳಲಿಲ್ಲ, ನಾವೂ ಕೇಳಲಿಲ್ಲ. ವಸಂತದವರೆಗೂ ಹೋದೆವು. ಮಾತೆಲ್ಲ ನನ್ನೊಂದಿಗೇ. ರಾಗ್ನಾ ಬೆನ್ನು ಉಜ್ಜಿದರೆ "ಅವಳಿಗೆ ಮೆಲ್ಲಗೆ ಅಂತ ಹೇಳು" ಎಂದು ನನಗೆ ಹೇಳುತ್ತಿದ್ದಳು, ಅವಳು ಅಲ್ಲೇ ಇದ್ದರೂ. ಒಂದು ಬೆಳಿಗ್ಗೆ ಮಾತ್ರ, ತಲೆಗೆ ಸೋಪು ಹಚ್ಚಿ ಕೂರಿಸಿದ್ದಾಗ, ಇದ್ದಕ್ಕಿದ್ದ ಹಾಗೆ ಕೇಳಿದಳು.

"ತೋರ್ಗ್ರಿಮ್‌ಗೆ ಹೇಳಿದ್ದನ್ನ ನಂಗೂ ಹೇಳು."

ರಾಗ್ನಾಳ ಕೈ ನಿಂತಿತು. "ಬೇಡ ಬೋರ್ಗಿಲ್."

"ಅವನು ಒಬ್ಬನೇ ಹೊತ್ಕೊಂಡು ಹೋದ. ನಾನು ಐನಾರ್‌ನ ತಾಯಿ. ಹೇಳೇ."

ನಾನು ಹೊರಗೆ ಹೋಗಬೇಕೆಂದುಕೊಂಡೆ. ಮುದುಕಿಯ ಭಾರವೆಲ್ಲ ನನ್ನ ತೋಳಿನ ಮೇಲಿತ್ತು, ಬಿಡುವಂತಿರಲಿಲ್ಲ. ರಾಗ್ನಾ ನೆಲದ ಮೇಲೆ ಮಂಡಿಯೂರಿ, ಅವಳ ಮುಖ ನೋಡುತ್ತ ಹೇಳಿದಳು.

"ಬಿಟ್ಟು ಹೋಗ್ಬೇಡ ಅಂತ ಅತ್ತ. ಅಮ್ಮನ್ನ ಕರೆದ. ನೀನು ಹೋದ್ರೆ ಯಾರೂ ಬರಲ್ಲ ಅಂದ. ನನ್ ತೋಳು ಬಿಡ್ಲಿಲ್ಲ. ಬೆರಳು ಒಂದೊಂದಾಗಿ ಬಿಡಿಸ್ಕೊಂಡೆ. ನಾನು ಹೊರಗೆ ಬಂದ ಮೇಲೂ ಕೂಗ್ತಾ ಇದ್ದ. ಕೇಳಿಸ್ತಿತ್ತು. ನಾನು ತಿರುಗಲಿಲ್ಲ."

ಸೋಪಿನ ನೀರು ಮುದುಕಿಯ ಕಣ್ಣಿಗೆ ಇಳಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ.

"ಬಿಡಿಸ್ಕೊಳ್ಳೋಕೆ ಕಷ್ಟ ಆಯ್ತಾ?"

"ಇಲ್ಲ. ಕೈಯಲ್ಲಿ ಶಕ್ತಿ ಇರ್ಲಿಲ್ಲ."

"ನನ್ನನ್ನ ಕರೆದ್ನಾ?"

"ಕರೆದ."

"ಸರಿ," ಅಂದಳು ಬೋರ್ಗಿಲ್. "ತಲೆ ತೊಳಿ. ಚಳಿ ಆಗ್ತಿದೆ."

ಮರುದಿನ ಅವಳೇ ಆಫೀಸಿಗೆ ಫೋನು ಮಾಡಿ ರಾಗ್ನಾಳನ್ನು ಇನ್ನು ಕಳಿಸಬೇಡಿ ಅಂದಳು. ನಾನು ಹೋದಾಗ ಕೇಳಿದೆ, ಸಿಟ್ಟಾ ಎಂದು. "ಸಿಟ್ಟಲ್ಲಮ್ಮ," ಅಂದಳು. "ಅವಳ ಮುಖ ಕಂಡ್ರೆ ಇನ್ನೂ ಕೇಳ್ಬೇಕು ಅನ್ಸುತ್ತೆ. ಕೇಳಿದ್ರೆ ಅವಳು ಹೇಳಿಬಿಡ್ತಾಳೆ. ಸಾಕು ನಂಗೆ." ಆ ವರ್ಷ ಹಿಮ ಬೀಳುವ ಮೊದಲೇ ಅವಳು ತೀರಿಕೊಂಡಳು. ಕೊನೆಯಲ್ಲಿ ಪಕ್ಕದಲ್ಲಿದ್ದವಳು ನಾನು.

ಕಳಿಸಬೇಡಿ ಎಂದ ಸುದ್ದಿಯನ್ನು ರಾಗ್ನಾಗೆ ಮುಟ್ಟಿಸಿದವಳೂ ನಾನೇ. ಅವಳು ಕಾರು ನಿಲ್ಲಿಸಲಿಲ್ಲ, ನನ್ನ ಕಡೆ ನೋಡಲೂ ಇಲ್ಲ.

"ಜೊತೆಗೆ ಯಾರು ಬರ್ತಾರೆ?"

"ಹೊಸ ಹುಡುಗಿ."

"ಎಡ ಸೊಂಟ ಇನ್ನೂ ನೋಯುತ್ತೆ ಅವಳಿಗೆ. ಏಳಿಸೋವಾಗ ಅವಸರ ಮಾಡ್ಬೇಡ ಅಂತ ಆ ಹುಡುಗಿಗೆ ಹೇಳು," ಅಂದು ರಾಗ್ನಾ ಮುಂದಿನ ಮನೆಯ ಕಡೆ ಕಾರು ತಿರುಗಿಸಿದಳು.